ಆನಗೋಡಿನ ಗುರುವಾರಗಳು

ಹುಡುಗಿಯ ಎರಡೂ ಕೈಗಳನ್ನು ಹಳೆ ಸೀರೆಯ ಅಂಚಿನಿಂದ ಕಟ್ಟಿದ್ದರು. ಇನ್ನೊಂದು ತುದಿ ತಾಯಿಯ ಸೊಂಟದಲ್ಲಿತ್ತು. ಕುಂದಾಪುರದಿಂದ ವರ್ಗವಾಗಿ ದಾವಣಗೆರೆಯ ದವಾಖಾನೆಗೆ ನರ್ಸಾಗಿ ಬಂದ ಮೊದಲ ದಿನ ನಾನು ಕಂಡದ್ದು ಇದು. ಗಂಟು ಬಿಚ್ಚಲು ಹೋದೆ.

"ಬ್ಯಾಡ್ರಿ ನರ್ಸಮ್ಮಾ, ಬಿಟ್ರೆ ಓಡ್ತಾಳ," ಎಂದಳು ತಾಯಿ ಗಂಗವ್ವ. ಆನಗೋಡಿನವಳು. ಮಗಳು ಕೊಟ್ರವ್ವನಿಗೆ ಹದಿನೇಳು ವರ್ಷ. "ಗಾಳಿ ಸೋಕೈತೆ."

ಇಲ್ಲಿ ಗಾಳಿಯೆಂದರೆ ದೆವ್ವ. ನಮ್ಮೂರಲ್ಲೂ ಇಂಥ ಮಕ್ಕಳಿದ್ದರು. ಅಲ್ಲಿ ಒಳಕೋಣೆಯ ಬಾಗಿಲು ಹಾಕುತ್ತಿದ್ದೆವು, ಇಲ್ಲಿ ಕಟ್ಟಿಯಾದರೂ ಕರೆತರುತ್ತಾರೆ.

ಒಂಟಿ ಹೆಂಗಸಿಗೆ ಕೋಣೆ ಸಿಗುವುದೇ ಕಷ್ಟವಾಯಿತು. ಕುಚ್ಚಲಕ್ಕಿ ಗಂಜಿ ಉಂಡವಳಿಗೆ ಜೋಳದ ರೊಟ್ಟಿ ಒಗ್ಗಲು ತಿಂಗಳುಗಳೇ ಬೇಕಾದವು. ಸಂಜೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಆಗ ಡಾಕ್ಟರು ಒಂದು ಕೆಲಸ ಕೊಟ್ಟರು: ಮನಸ್ಸು ಕೆಟ್ಟ ಹುಡುಗ ಹುಡುಗಿಯರು ಎಲ್ಲಿಂದ ಬರುತ್ತಾರೋ, ನಕಾಶೆಯಲ್ಲಿ ಆ ಊರಿಗೆ ಚುಕ್ಕೆ ಇಡಬೇಕು. ಹತ್ತಿ ಗಿರಣಿಗಳ ಸುತ್ತ, ಹರಿಹರದ ರೈಲು ನಿಲ್ದಾಣದ ಬಳಿ ಚುಕ್ಕೆಗಳು ಒತ್ತಾದವು. ದೂರದ ಹಳ್ಳಿಗಳೆಲ್ಲ ಖಾಲಿ.

"ಅಲ್ಲಿಯವರು ಆರಾಮಾಗಿದ್ದಾರೆ," ಎಂದೆ.

"ಅಲ್ಲಿಗೆ ಬಸ್ಸಿಲ್ಲ, ಅಷ್ಟೇ," ಎಂದರು ಡಾಕ್ಟರು.

ದೂರದವರಿಗೆ ಹತ್ತಿರವಾಗಲೆಂದು ಹರಿಹರ, ಆನಗೋಡುಗಳಲ್ಲಿ ವಾರಕ್ಕೊಂದು ದಿನ ಕೂತು ರೋಗಿಗಳನ್ನು ನೋಡಲು ಅನುಮತಿ ಕೇಳಿದೆವು. ಸದ್ಯ ಅವಕಾಶವಿಲ್ಲವೆಂದು ಮೇಲಿನಿಂದ ಉತ್ತರ ಬಂತು.

ಅಷ್ಟರಲ್ಲಿ ನಾನು ಗಂಗವ್ವನಿಗೆ, "ಕಟ್ಟಬೇಡಿ, ಕೈ ಹಿಡಿದು ಕರೆತನ್ನಿ," ಎಂದು ಹೇಳಿದ್ದೆ. ಅವಳು ಹಾಗೇ ಮಾಡಿದಳು. ಬಸ್ಸಿನಲ್ಲಿ ಕೊಟ್ರವ್ವ ಕೂಗಾಡಿದಳಂತೆ. ಕಂಡಕ್ಟರ್ ನಡುದಾರಿಯಲ್ಲಿ ಇಬ್ಬರನ್ನೂ ಇಳಿಸಿಬಿಟ್ಟ. ಉರಿಬಿಸಿಲಲ್ಲಿ ನಡೆದು ಬರುವಾಗ ತಾಯಿ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಬಗ್ಗಿದಳು. ತಲೆಯೆತ್ತುವಷ್ಟರಲ್ಲಿ ಮಗಳಿಲ್ಲ. ಹರಿಹರದ ಹೊಳೆದಂಡೆಯವರೆಗೂ ಹುಡುಕಿದೆವು. ಸಿಗಲಿಲ್ಲ.

ಗಂಗವ್ವ ನನ್ನನ್ನು ಬೈಯಲಿಲ್ಲ. "ಕೈ ಬಿಚ್ಚಿದಾಗ ನಕ್ಕಿದ್ಲು ರೀ, ಎಷ್ಟೋ ದಿನದ ಮ್ಯಾಲೆ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರು ಆಮೇಲೆ ಅನುಮತಿಗೆ ಕಾಯಲಿಲ್ಲ. ಗುರುವಾರ ಗುರುವಾರ ಆನಗೋಡಿನ ಶಾಲೆಯ ಜಗಲಿಯಲ್ಲಿ ಕೂತೆವು. ಮೊದಲ ವಾರ ಯಾರೂ ಬರಲಿಲ್ಲ. ಮುಂದಿನ ವಾರ ಮೂವರು ಬಂದರು, ನಕಾಶೆಯಲ್ಲಿ ಖಾಲಿ ಇದ್ದ ಹಳ್ಳಿಗಳಿಂದ. ಗಂಗವ್ವನೂ ಬರುತ್ತಾಳೆ. ಬಂದವರನ್ನೆಲ್ಲ ಯಾವೂರೆಂದು ಕೇಳಿ, ಮಗಳ ಗುರುತು ಹೇಳುತ್ತಾಳೆ.

ಈಗ ನನಗೆ ಕುಂದಾಪುರಕ್ಕೇ ವರ್ಗ ಸಿಗುವಂತಿದೆ. ಅರ್ಜಿ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಗಂಗವ್ವನಿಗೆ ಹೇಳಿದಾಗ ಅವಳು, "ಹೋಗ್ರಿ ನರ್ಸಮ್ಮಾ. ನಿಮ್ಮ ಕಡೀನೂ ಒಂಚೂರು ಅವಳನ್ನ ನೋಡ್ರಿ," ಎಂದಳು.

ಹೋದ ರಜೆಯಲ್ಲಿ ನಿಮ್ಮಲ್ಲಿ ಯಾರಾದರೂ ನನ್ನನ್ನು ಕುಂದಾಪುರದ ಬಸ್ ನಿಲ್ದಾಣದಲ್ಲಿ ಕಂಡಿರಬಹುದು. ಮನೆಗೆ ಹೋಗುವ ಬಸ್ಸನ್ನು ಬಿಟ್ಟು, ಘಟ್ಟ ಇಳಿದು ಬಂದ ಹುಡುಗಿಯರ ಮುಖ ನೋಡುತ್ತ ನಿಂತಿದ್ದೆ.