ಬಾಲ್ಕನಿ ಕೋಣೆಯಲ್ಲ

ಎದುರು ಕಟ್ಟಡದ ಎರಡನೇ ಮಹಡಿಯವರಿಗೆ ನಾನಿಟ್ಟ ಹೆಸರು ಚಿಲಕ ಸಾಹೇಬರು. ಆಸ್ಪತ್ರೆಗಳ ವರದಿಗಳನ್ನು ಟೈಪ್ ಮಾಡಿಕೊಡುವ ಕಂಪನಿಯೊಂದರಲ್ಲಿ ಅವರು ಮಾಹಿತಿ ಸೋರದಂತೆ ಕಾಯುವ ಅಧಿಕಾರಿ. ನನ್ನ ಸೊಸೆ ಅದೇ ಕಂಪನಿಗೆ ಮನೆಯಲ್ಲೇ ಕೂತು ಟೈಪ್ ಮಾಡುತ್ತಿದ್ದಳು. ಕೆಲಸ ಕೊಡಿಸಿದ್ದೂ ಅವರೇ ಅನ್ನಿ. ಅದನ್ನು ಅವರೂ ಮರೆತಿರಲಿಲ್ಲ, ನಮಗೂ ಮರೆಯಲು ಬಿಟ್ಟಿರಲಿಲ್ಲ. ಮಗ ತೀರಿಕೊಂಡ ಮೇಲೆ ನಮ್ಮಿಬ್ಬರ ಹೊಟ್ಟೆ ತುಂಬುತ್ತಿದ್ದುದು ಆ ಕೆಲಸದಿಂದಲೇ. ಅದು ಹೋದರೆ ಬೇರೆ ಗತಿಯಿರಲಿಲ್ಲ.

ಸಾಹೇಬರು ಕೆಟ್ಟವರಲ್ಲ, ಶಿಸ್ತು ತಲೆಗೇರಿದವರು ಅಷ್ಟೆ. ಅವರ ಕಂಪ್ಯೂಟರಿಗೆ ಮೂರು ಪಾಸ್‌ವರ್ಡು, ಮೂರೂ ವಾರಕ್ಕೊಮ್ಮೆ ಬದಲು. ಹಾಲಿನವನು ಬೆಲ್ ಒತ್ತಿದರೂ ಮೊದಲು ಕಂಪ್ಯೂಟರ್ ಮುಚ್ಚಿ ಆಮೇಲೆ ಬಾಗಿಲು ತೆಗೆಯುವ ಜನ. ಹೆಂಡತಿ ಚಹಾ ತಂದರೆ ಹೊಸ್ತಿಲಾಚೆ ಇಟ್ಟು ಹೋಗಬೇಕು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವರ ಲೆಕ್ಕದಲ್ಲಿ ತಾನು ‘ಅನ್ಯ ವ್ಯಕ್ತಿ’ಯೇ ಎಂದು ಆಕೆಯೇ ನನ್ನ ಬಳಿ ಹೇಳಿಕೊಂಡು ನಕ್ಕಿದ್ದರು.

ಮನೆಯಿಂದ ಕೆಲಸ ಮಾಡುವವರ ಕೋಣೆಯಲ್ಲಿ ಬೇರೆ ನರಪಿಳ್ಳೆ ಇರಕೂಡದು ಎಂಬ ನಿಯಮವೂ ಅವರದೇ. ನಮ್ಮದೋ ಒಂದೇ ಕೋಣೆಯ ಮನೆ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ನಾನು ದಿಂಬು ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತರೆ ಮತ್ತೆ ಒಳಗೆ ಕಾಲಿಡುತ್ತಿದ್ದುದು ಸಂಜೆ ಐದಕ್ಕೆ. ಮಂಡಿ ಹಿಡಿದುಕೊಂಡು ಸಾಹೇಬರಿಗೆ ಹಾಕಿದ ಶಾಪಗಳೆಲ್ಲ ತಟ್ಟಿದ್ದರೆ ಅವರು ಇಷ್ಟು ಹೊತ್ತಿಗೆ ಹಾಸಿಗೆ ಹಿಡಿಯಬೇಕಿತ್ತು.

ತಮಾಷೆ ಇರುವುದು ಇಲ್ಲಿ. ಅವರ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಮಾತಾಡಬೇಕೆಂದರೆ ಬಾಲ್ಕನಿಗೇ ಬರಬೇಕು. ಬರುತ್ತಿದ್ದರು. ಹೆಂಡತಿಯ ಕಿವಿಗೆ ಬೀಳಬಾರದೆಂದು ಬೆನ್ನ ಹಿಂದಿನ ಬಾಗಿಲಿಗೆ ಚಿಲಕ ಹಾಕಿ, ಬೀದಿಗೆ ಮುಖ ಮಾಡಿ ಶುರು ಹಚ್ಚಿಕೊಳ್ಳುತ್ತಿದ್ದರು. ಯಾವ ವರದಿಯನ್ನು ಯಾರು ತೆರೆದರು ಎಂದು ಮೇಲಿನವರಿಗೆ ಒಪ್ಪಿಸುವುದು. ಯಾರ ಮೂತ್ರಕೋಶದಲ್ಲಿ ಕಲ್ಲು, ಯಾರಿಗೆ ಮೂಲವ್ಯಾಧಿ, ಎಲ್ಲವೂ ಹೆಸರು, ವಯಸ್ಸಿನ ಸಮೇತ. ನಡುವಿನ ಓಣಿಯಲ್ಲಿ ಎರಡು ಸೈಕಲ್ ಎದುರಾದರೆ ಒಂದು ಇಳಿಯಬೇಕು, ಅಷ್ಟು ಕಿರಿದು. ಒಂದು ತಿಂಗಳಲ್ಲಿ ನಾನು ಅರ್ಧ ಡಾಕ್ಟರಾದೆ. ಸೊಸೆ ಒಮ್ಮೆ ಸಾಹೇಬರಿಗೇ ಇದನ್ನು ಮೆಲ್ಲಗೆ ಹೇಳಿ ನೋಡಿದಳು. ನಿಯಮವಿರುವುದು ಕೋಣೆಗೆ, ಬಾಲ್ಕನಿ ಕೋಣೆಯಲ್ಲ ಎಂದು ಉತ್ತರ ಬಂತು.

ಒಂದು ದಿನ ಮಾತ್ರೆ ಮರೆತು ಒಳಗೆ ಹೋದೆ. ಅದೇ ಗಳಿಗೆಯಲ್ಲಿ ಸಾಹೇಬರು ಸೊಸೆಯ ಕಂಪ್ಯೂಟರಿನ ಕ್ಯಾಮೆರಾದಲ್ಲಿ ತಪಾಸಣೆಗೆ ಇಣುಕಬೇಕೇ. ನನ್ನ ಮೊಣಕೈ ಸಿಕ್ಕಿಬಿತ್ತು. ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ, ತಪ್ಪು ಸಾಬೀತಾದರೆ ಸೊಸೆಯ ಕೆಲಸ ಹೋಯಿತು ಎಂದು ತಿಳಿಸಿದರು. ಎರಡು ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ.

ಶುಕ್ರವಾರ ಅವಳು ಒಳಗೆ ಕಂಪ್ಯೂಟರಿನ ಮುಂದೆ, ನಾನು ಮೆಟ್ಟಿಲ ಮೇಲೆ, ಸಾಹೇಬರು ಫೋನ್ ಹಿಡಿದು ಬಾಲ್ಕನಿಯಲ್ಲಿ. ಕಂಪನಿಯ ದೊಡ್ಡ ಮೇಡಂ, ಮುದುಕಿಯೊಬ್ಬಳು ಒಳಗೆ ಬಂದರೆ ಏನು ಮುಳುಗಿಹೋಯಿತೆಂದು ಕೇಳಿದರಂತೆ. ಸಾಹೇಬರಿಗೆ ಹುರುಪು ಬಂತು. ಆ ಹೊತ್ತಿಗೆ ತೆರೆದಿದ್ದ ವರದಿ ಎಂಥದ್ದು ಗೊತ್ತೇ ಎಂದು ಓದಿಯೇಬಿಟ್ಟರು. ಹೆಸರು, ವಯಸ್ಸು ನಲವತ್ತೊಂದು, ಎದೆಯಲ್ಲಿ ಗಡ್ಡೆ, ಮನೆಯವರಿಗೆ ತಿಳಿಸಬಾರದೆಂದು ರೋಗಿಯ ಕೋರಿಕೆ.

ಆ ಹೆಸರು ನನಗೆ ಗೊತ್ತಿದ್ದದ್ದೇ. ನಮ್ಮ ಕೆಳಗಿನ ಮನೆಯ ಟೀಚರು. ಓಣಿಯಲ್ಲಿ ಅವರ ಗಂಡ ನಲ್ಲಿ ಬಿಟ್ಟುಕೊಂಡು ಸ್ಕೂಟರ್ ತೊಳೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು ಕೂಗಿಬಿಟ್ಟೆ.

“ಬಾಯಿ ಮುಚ್ರೀ ಸಾಹೇಬ್ರೇ. ಎದೇಲಿ ಗಡ್ಡೆ ಅಂತ ಊರಿಗೆಲ್ಲ ಸಾರ್ತಿದೀರಲ್ಲ, ಅವ್ರು ನಮ್ಮ ಕೆಳಗಿನ ಮನೆ ಟೀಚರು. ಗಂಡ ಇಲ್ಲೇ ಇದಾರೆ.”

ನಲ್ಲಿಯ ಸದ್ದಿನಲ್ಲಿ ಸಾಹೇಬರ ಮಾತು ಆತನ ಕಿವಿಗೆ ಬಿದ್ದಿರಲಿಲ್ಲ. ನನ್ನದು ಬಿತ್ತು. ಆತ ನಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಮೇಲೆ ನೋಡಿದರು. ಎದುರು ಬಾಲ್ಕನಿಯಿಂದ ಸಾಹೇಬರ ದನಿ ಇನ್ನಷ್ಟು ಏರಿತು.

“ಕೇಳಿಸ್ಕೊಂಡ್ರಾ ಮೇಡಂ? ಸೋರಿಕೆ ಅಂದ್ರೆ ಇದೇ.”

ಸೋಮವಾರ ಕಾಗದ ಬಂತು. ಉದ್ಯೋಗಿಯ ಮನೆಯ ಸದಸ್ಯೆ ರೋಗಿಯ ಗುರುತನ್ನು ಬಹಿರಂಗಪಡಿಸಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ. ಸಾಹೇಬರಿಗೆ ಕಂಪನಿ ಭೇಷ್ ಅಂದಿತಂತೆ, ಫೋನಿಗೆಂದು ಕಿವಿಗೆ ಹಾಕಿಕೊಳ್ಳುವ ಹೊಸ ಯಂತ್ರವನ್ನೂ ಕಳಿಸಿತಂತೆ. ಅದನ್ನು ಹಾಕಿಕೊಂಡ ಮೇಲೆ ತಮ್ಮ ದನಿ ತಮಗೇ ಕೇಳದೆ ಇನ್ನೂ ಜೋರಾಗಿ ಅರಚುತ್ತಾರೆ. ಕಾಗದದಲ್ಲಿ ಬರೆದಿದ್ದು ಸುಳ್ಳೆನ್ನುವ ಹಾಗೂ ಇಲ್ಲವಲ್ಲ, ಅದೇ ನನ್ನ ಹೊಟ್ಟೆಯುರಿ.

ಟೀಚರ್ ಹತ್ತಿರ ತಪ್ಪೊಪ್ಪಿಕೊಳ್ಳಲು ಕೆಳಗಿಳಿದು ಹೋದೆ. ತಪ್ಪೆಲ್ಲ ಆ ಸಾಹೇಬರದು ಎಂದು ಹೇಳಬೇಕೆಂದು ಮಾತು ಜೋಡಿಸಿಕೊಂಡೇ ಹೋಗಿದ್ದೆ. ಆಕೆ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದರು.

“ಮಕ್ಕಳ ಪರೀಕ್ಷೆ ಮುಗೀಲಿ, ಆಮೇಲೆ ನಾನೇ ಅವ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳೋಣ ಅಂತಿದ್ದೆ ಅಮ್ಮಾ. ಅದೊಂದು ನನಗೆ ಬಿಡಬಾರದಿತ್ತಾ?”