ಷೇರುದಾರರ ಎದುರು ನಮ್ಮಕ್ಕ

ನಮ್ಮಕ್ಕನನ್ನು ಮನೆಯಲ್ಲಿ ಕರೆಯುವುದೇ ಜಗಳಗಂಟಿ ಎಂದು. ಕಂಪನಿ ಮಾರುವವರನ್ನೂ ಕೊಳ್ಳುವವರನ್ನೂ ಗಂಟು ಹಾಕಿಸುವ ಸಂಸ್ಥೆಯಲ್ಲಿ ಆ ಗುಣವೇ ಅವಳಿಗೆ ಅನ್ನ ಹಾಕಿತ್ತು. ಅಲ್ಲೊಂದು ಪದ್ಧತಿ. ವ್ಯವಹಾರ ಕುದುರಿ ಸಹಿ ಬಿದ್ದ ಸಂಜೆ ಎಲ್ಲರಿಗೂ ಒಂದೊಂದು ಗಾಜಿನ ಫಲಕ ಕೊಡುತ್ತಾರೆ. ಮಾರನೆಯ ದಿನದಿಂದ ಆ ಕಂಪನಿಗಳ ಹೆಸರನ್ನೂ ಯಾರೂ ಎತ್ತುವುದಿಲ್ಲ. ಮದುವೆ ಮಾಡಿಸಿದ ದಳ್ಳಾಳಿಗೆ ಸಂಸಾರ ಹೇಗೆ ನಡೆಯಿತೆಂಬ ಉಸಾಬರಿ ಯಾಕೆ?

ಹೀಗಿರುವಾಗ, ಅವಳೇ ಇನ್ನೊಂದು ಕಂಪನಿಯನ್ನು ತಂದು ಗಂಟು ಹಾಕಿಸಿದ್ದ ಬಣ್ಣದ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಷೇರುದಾರರ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸ. ಸಂಬಳ ಕಡಿಮೆ.

"ಬೇಟೆಗೆ ಹೋಗೋಳು ಬಾಗಿಲಲ್ಲಿ ನಿಂತು ನಮಸ್ಕಾರ ಹೇಳ್ತೀಯಾ?" ಎಂದು ಅವಳ ಬಾಸ್ ಮೂಗು ಮುರಿದ. ಆ ಮಹಾನುಭಾವನಿಗೆ ದೂರದಿಂದಲೇ ನನ್ನದೊಂದು ನಮಸ್ಕಾರ.

ಭಾವ ಎಚ್ಚರಿಸಿದರು: "ತಪ್ಪು ಕಂಪನಿಯವರದ್ದು, ಬೈಗುಳ ನಿನಗೆ."

"ಬೈಸ್ಕೊಳ್ಳೋಕೆ ಸಂಬಳ ಬೇರೆ ಕೊಡ್ತಾರಾ? ನಾನು ಇಷ್ಟು ವರ್ಷ ಪುಕ್ಕಟೆ ಬೈಸ್ಕೊಂಡೆನಲ್ಲೇ!" ಎಂದಳು ಅಮ್ಮ.

ಅಕ್ಕ ನಗಲಿಲ್ಲ. "ಬೈಗುಳಕ್ಕೆ ನಾನು ಹೆದರಲ್ಲ. ಸುಳ್ಳು ಹೇಳಿಸ್ತಾರಾ, ಅದಷ್ಟೇ ನೋಡ್ಬೇಕು. ಹೇಳಿಸ್ತಾರೆ ಅಂದ್ರೆ ಈಗಿನ ಕೆಲಸದಲ್ಲೇ ಇರ್ತೀನಿ."

ಕಂಪನಿಯವರು ಅವಳಿಗೆ ತಾಲೀಮು ಮಾಡಿಸಿ ಪರೀಕ್ಷಿಸಿದರು. ಉದ್ದನೆಯ ಮೇಜು, ಗೋಡೆಗಳಿಗೆಲ್ಲ ಅವರದೇ ಬಣ್ಣದ ಹಸಿ ವಾಸನೆ. ಹಣಕಾಸಿನ ಮುಖ್ಯಸ್ಥ ಷೇರುದಾರನ ವೇಷ ಹಾಕಿ ಕೇಳಿದ: "ಆ ಇನ್ನೊಂದು ಕಂಪನಿ ಕೊಂಡ್ರಲ್ಲ, ಒಂದೇ ವರ್ಷದಲ್ಲಿ ಖರ್ಚು ಇಳಿಯುತ್ತೆ ಅಂದ್ರಲ್ಲ, ಎಲ್ಲಿ ಇಳೀತು?"

ಅಕ್ಕನ ಮುಂದೆ ಸಿದ್ಧ ಉತ್ತರದ ಚೀಟಿ ಇತ್ತು: 'ನಿರೀಕ್ಷಿತ ಪ್ರಯೋಜನಗಳು ಹಂತ ಹಂತವಾಗಿ ಗೋಚರಿಸುತ್ತಿವೆ.'

ಅವಳಿಗೆ ಮೈ ಉರಿಯಿತು. ಒಂದು ವರ್ಷ ಎಂದು ಅಂದಾಜು ಮಾಡಿಕೊಟ್ಟವಳು ಅವಳೇ. ಎರಡು ಕಾರ್ಖಾನೆಗಳನ್ನು ಒಂದು ಮಾಡಿದರೆ ಸಾಕೆಂದು ಬರೆದಿದ್ದಳು, ಎರಡರೊಳಗೂ ಕಾಲಿಟ್ಟು ನೋಡಿರಲಿಲ್ಲ. ಅವಳ ಸಂಸ್ಥೆಯಲ್ಲಿ ಯಾರೂ ನೋಡುತ್ತಿರಲಿಲ್ಲ.

"ಇಳಿದಿಲ್ಲ," ಎಂದಳು ಚೀಟಿಯನ್ನು ಪಕ್ಕಕ್ಕೆ ಸರಿಸಿ. "ಆ ಅಂದಾಜು ತಪ್ಪು. ಮಾಡಿದ್ದು ನಾನೇ. ಇನ್ನೂ ಎರಡು ವರ್ಷ ಬೇಕು."

ಮುಖ್ಯಸ್ಥ ಮುಖ ಹುಳ್ಳಗೆ ಮಾಡಿಕೊಂಡ. "ಹೀಗೆ ಹೇಳಿದ್ರೆ ಷೇರಿನ ಬೆಲೆ ಬೀಳುತ್ತೆ ಕಣಮ್ಮ!"

"ಬೀಳ್ಲಿ. ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ಇನ್ನೂ ಜೋರಾಗಿ ಬೀಳುತ್ತೆ. ಚೀಟಿ ಓದೋರೇ ಬೇಕಿದ್ರೆ ಬೇರೆಯವರನ್ನ ನೋಡ್ಕೊಳ್ಳಿ."

ಹೇಳಿದವಳೇ ಚೀಲ ಹೆಗಲಿಗೇರಿಸಿ ಎದ್ದಳು. ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಕಂಪನಿಯ ಒಡತಿ, "ಕೂತ್ಕೊಳಮ್ಮ. ಯಾವತ್ತಿಂದ ಬರ್ತೀಯ ಹೇಳು," ಎಂದರು.

ಷೇರುದಾರರ ಸಭೆಯಲ್ಲಿ ಅದೇ ಪ್ರಶ್ನೆ ಬಂತು. ಅಕ್ಕ ಅದೇ ಉತ್ತರ ಕೊಟ್ಟಳು. ದೊಡ್ಡ ರಂಪವಾಯಿತು. ಇದನ್ನು ನೋಡಲೆಂದೇ ಒಂದು ಷೇರು ಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಕುರ್ಚಿಯಲ್ಲೇ ಕೆಳಕ್ಕೆ ಜಾರಿದೆ.

"ಇವಳನ್ನ ಕೆಲಸದಿಂದ ತೆಗೀರಿ!" ಎಂದು ಯಾರೋ ಕಿರುಚಿದರು.

ಅಕ್ಕ ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ತೆಗೀಬಹುದು. ತೆಗೆಯೋವರೆಗೂ ಉತ್ತರ ಕೊಡೋಳು ನಾನೇ. ಮುಂದೆ ಯಾರು?"