ಪುಟ್ಟತ್ತೆಯ ಮುಖಕ್ಕೆ ಬಿದ್ದ ಗೀರು

ಮೂಡಿಗೆರೆಯ ಜೀಪ್ ಗ್ಯಾರೇಜೊಂದರ ಹಿಂದಿನ ಕೋಣೆಯಲ್ಲಿ ಆ ಮಧ್ಯಾಹ್ನ ನಾವು ನಾಲ್ವರಿದ್ದೆವು: ಗ್ಯಾರೇಜಿನ ಹಸನಬ್ಬ, ಚಿತ್ರಕಲೆ ಕಲಿತು ಊರಿಗೆ ಮರಳಿದ್ದ ಅವರ ಮಗಳು ರುಕಿಯಾ, ನನ್ನ ಸೋದರತ್ತೆ ಪುಟ್ಟಮ್ಮ, ಅತ್ತೆಯ ಕೊಡೆ ಹಿಡಿದು ನಿಂತ ನಾನು. ಮೇಜಿನ ಮೇಲೆ ಇನ್ನೊಬ್ಬ ಪುಟ್ಟತ್ತೆ ಅಂಗಾತ ಮಲಗಿದ್ದರು, ಹಲಸಿನ ಹಲಗೆಯೊಳಗೆ.

ಮರದಚ್ಚಿನ ಚಿತ್ರವೆಂದರೆ ಸೀರೆಯ ಮೇಲೆ ಒತ್ತುವ ಹೂಬಳ್ಳಿ ಎಂದುಕೊಂಡಿದ್ದ ಜಾಣ ನಾನು. ಕಾಫಿ ಕಣದ ಬಿಸಿಲಿನಲ್ಲೇ ಹಣ್ಣಾದ ಅತ್ತೆಯ ಮುಖದ ಒಂದೊಂದು ಸುಕ್ಕನ್ನೂ ಆ ಹುಡುಗಿ ಉಳಿಯಿಂದ ಎಬ್ಬಿಸಿದ್ದು ಕಂಡ ಮೇಲೆ ಬಾಯಿ ಮುಚ್ಚಿಕೊಂಡೆ. ಹಲಗೆಯಲ್ಲಿ ಎಲ್ಲವೂ ತಿರುವುಮುರುವು. ಕಾಗದಕ್ಕೆ ಒತ್ತಿದಾಗಲೇ ಸರಿಯಾಗುವುದು. ಆದರೆ ಅತ್ತೆ ಕಾಗದ ನೋಡಿ ಇದು ಯಾರೋ ನನ್ನ ತಂಗಿಯ ಹಾಗಿದೆ ಎಂದರು. ಹಲಗೆ ನೋಡಿ, ಇದು ನಾನೇ ಎಂದರು. ಯೋಚಿಸಿದರೆ ಅವರ ತಪ್ಪೇನಿದೆ? ನಮ್ಮ ಮುಖವನ್ನು ನಾವು ನೋಡಿರುವುದೆಲ್ಲ ಕನ್ನಡಿಯಲ್ಲಿ ತಾನೆ. ಊರಿಗೆಲ್ಲ ಒಂದು ಮುಖ ತೋರಿಸಿ, ನಾವು ಇನ್ನೊಂದರ ಜೊತೆ ಸಂಸಾರ ಮಾಡುತ್ತಿರುತ್ತೇವೆ. ಅತ್ತೆ ಹಲಗೆಯನ್ನೇ ಮನೆಗೊಯ್ಯುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಅದನ್ನು ರುಕಿಯಾಗೆ ಹೇಳಿರಲಿಲ್ಲ, ಅಷ್ಟೆ.

ಹತ್ತನೆಯ ಪ್ರತಿ ಒಣಹಾಕಿ ಬಂದ ರುಕಿಯಾ ಉಳಿ ಎತ್ತಿಕೊಂಡು, ಹಣೆಯಿಂದ ಗಲ್ಲದವರೆಗೆ ಪುಟ್ಟತ್ತೆಯನ್ನು ಒಂದೇ ಎಳೆತಕ್ಕೆ ಸೀಳಿಬಿಟ್ಟಳು.

ನನ್ನ ಕೈಯಿಂದ ಕೊಡೆ ಬಿತ್ತು. ಹಸನಬ್ಬ ಅಲ್ಲಾನ ಹೆಸರು ಹೇಳಿ ಗೋಡೆಗೊರಗಿದರು. ಅತ್ತೆಯ ಕೈ ತಾನಾಗಿ ಹಣೆಗೆ ಹೋಗಿ ತಡವಿ ನೋಡಿತು.

"ಎಂಥ ಮಾಡಿದ್ದೆ ಮಾರಾಯ್ತಿ? ನಾನಿನ್ನೂ ಬದುಕಿದ್ದೀನಲ್ಲ."

ರುಕಿಯಾಗೆ ನಮ್ಮ ಗಾಬರಿ ಕಂಡೇ ಗಾಬರಿ. "ಕೊಳ್ಳೋರಿಗೆ ಹತ್ತೇ ಪ್ರತಿ ಅಂತ ಮಾತು ಕೊಟ್ಟಾಯ್ತಲ್ಲ ಅಮ್ಮ. ಹನ್ನೊಂದನೇದು ಯಾರೂ ತೆಗಿಬಾರ್ದು ಅಂತ ಅಚ್ಚಿಗೆ ಹೀಗೆ ಗೀರು ಹಾಕ್ತೀವಿ. ನಮ್ಮ ಕೆಲ್ಸದ ಕ್ರಮ ಇದು," ಎಂದಳು. ಕ್ರಮ ಸರಿಯೇ ಇರಬಹುದು. ಆದರೆ ಬದುಕಿರುವವರ ಮುಖಕ್ಕೆ ಅವರೆದುರೇ ಉಳಿ ಹಾಕಿದ್ದನ್ನು ಅರಗಿಸಿಕೊಳ್ಳುವ ಶಕ್ತಿ ನಮಗ್ಯಾರಿಗೂ ಇರಲಿಲ್ಲ. ತಮ್ಮ ಪಾಲಿಗೆ ಬಂದ ಒಂದು ಪ್ರತಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅತ್ತೆ ಜೀಪು ಹತ್ತಿದರು.

ಆ ಗೀರನ್ನವರು ಸಾವಿನ ಶಕುನವೆಂದೇ ತೆಗೆದುಕೊಂಡರು. ಆ ಮಳೆಗಾಲ ಕಾಫಿ ಸಸಿ ನೆಡಿಸಲಿಲ್ಲ. ಮೇಸ್ತ್ರಿ ಕೇಳಿದ್ದಕ್ಕೆ, ಯಾರು ನೋಡಕ್ಕಿರ್ತಾರೆ ಎಂದರಂತೆ. ತೋಟವನ್ನು ನಡುಗಿಸುತ್ತಿದ್ದ ಹೆಂಗಸು ಸಣ್ಣಗೆ ಕೆಮ್ಮಿದರೂ ಹಾಸಿಗೆ ಹಿಡಿಯತೊಡಗಿದರು. ರುಕಿಯಾ ಎರಡು ಸಲ ಬಂದು ಅಂಗಳದಿಂದಲೇ ವಾಪಸು ಹೋದಳು. ನಾನೂ ಒಳಗೊಳಗೇ ಹೆದರಿದ್ದೆ. ಪುಸ್ತಕ ಓದಿದವರ ಹೆದರಿಕೆ ಸ್ವಲ್ಪ ಮೆತ್ತಗೆ ಮಾತಾಡುತ್ತದೆ, ಇನ್ನೇನೂ ವ್ಯತ್ಯಾಸವಿಲ್ಲ.

ಮಳೆ ಮುಗಿಯಿತು. ಹಣ್ಣು ಕೊಯ್ಲೂ ಮುಗಿಯಿತು. ಅತ್ತೆಗೆ ಏನೂ ಆಗಲಿಲ್ಲ. ಕಾಫಿ ಗಿಡದಲ್ಲಿ ಹೂವರಳಿಸುವ ಹೂಮಳೆ ಬಿದ್ದ ಮರುದಿನ ಅವರೇ ನನ್ನನ್ನು ಹೊರಡಿಸಿಕೊಂಡು ಗ್ಯಾರೇಜಿಗೆ ಬಂದರು. ರುಕಿಯಾ ಎದ್ದು ನಿಂತಳು.

"ಆ ಗೀರು ಹಾಕಿದ ಹಲಗೇಲಿ ನಂಗೊಂದು ಒತ್ತಿಕೊಡು. ಗೀರು ಬಿದ್ಮೇಲೂ ನಾನೇ ಅಲ್ವ ಇರೋದು. ಹನ್ನೊಂದನೇದು ಅಂತ ಲೆಕ್ಕಕ್ಕೆ ಹಿಡೀಬೇಡ."

ರುಕಿಯಾ ಮಸಿ ಕಲಸಿದಳು. ಕಪ್ಪು ಮುಖದ ನಡುವೆ ಬೆಳ್ಳಗಿನ ಒಂದು ಗೆರೆ ಮೂಡಿತು. ಅತ್ತೆ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಮೊದಲಿನ ಚೆಂದದ ಪ್ರತಿಯನ್ನು ನನಗೆ ಕೊಟ್ಟುಬಿಟ್ಟರು.